ಹನ್ನೆರಡು ವಿಶ್ವಗಳಿವೆ, ಹನ್ನೆರಡು ಗೋಕುಗಳಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಭಾನುವಾರದ ಪುರವಣಿಯಲ್ಲಿ ಜಪಾನಿನ ‘ಡ್ರ್ಯಾಗನ್ ಬಾಲ್’ ಸರಣಿಯ ಬಹುವಿಶ್ವದ ಬಗ್ಗೆ ಬಂದ ಬರಹ ಓದಿದೆವು. ಅನಿಮೆಗೆ, ಅಂದರೆ ಜಪಾನಿ ಕಾರ್ಟೂನಿಗೆ, ಕನ್ನಡ ಪತ್ರಿಕೆಯೊಂದು ಅರ್ಧ ಪುಟ ಬಿಟ್ಟುಕೊಟ್ಟಿದ್ದು ಸಂತೋಷದ ವಿಷಯವೇ. ಆದರೆ ಬರಹದ ಬುಡವೇ ಸಡಿಲ. ಹನ್ನೆರಡು ವಿಶ್ವಗಳೆಂದರೆ ಒಂದೇ ಕಥೆಯ ಹನ್ನೆರಡು ನಕಲುಗಳು, ಒಂದೊಂದರಲ್ಲೂ ಕಥಾನಾಯಕ ಗೋಕು ಒಬ್ಬೊಬ್ಬ ಇದ್ದಾನೆ ಎಂದು ಹೇಳಿ, ಅದೇ ಉಸಿರಿನಲ್ಲಿ ಟೈಮ್ ಮಷಿನ್ ಏರಿ ಬರುವ ಯೋಧ ಟ್ರಂಕ್ಸ್ ಹೊರಟುಬಂದ ಭವಿಷ್ಯವನ್ನೂ ‘ಇನ್ನೊಂದು ವಿಶ್ವ’ ಎಂದು ಕರೆಯಲಾಗಿದೆ. ಇವು ಎರಡು ಬೇರೆ ಬೇರೆ ಸಂಗತಿಗಳು. ಒಂದು ಜಾಗದ ಲೆಕ್ಕ, ಇನ್ನೊಂದು ಕಾಲದ ಲೆಕ್ಕ. ಎರಡನ್ನೂ ಒಂದೇ ಪಾತ್ರೆಗೆ ಸುರಿದರೆ ಆಗುವುದು ಕಲಸುಮೇಲೋಗರ.

ಮೊದಲು ಜಾಗದ ಲೆಕ್ಕ. ಅಕಿರಾ ತೋರಿಯಾಮಾ ಅವರು 1984ರಿಂದ 1995ರವರೆಗೆ ವಾರಪತ್ರಿಕೆ ‘ಶೋನೆನ್ ಜಂಪ್’ನಲ್ಲಿ ಬರೆದ 519 ಅಧ್ಯಾಯಗಳ ಮೂಲ ಮಾಂಗಾದಲ್ಲಿ (ಜಪಾನಿ ಚಿತ್ರಕಥೆಯಲ್ಲಿ) ಹನ್ನೆರಡು ವಿಶ್ವಗಳ ಮಾತೇ ಇಲ್ಲ. ಅಲ್ಲಿರುವುದು ಒಂದೇ ಬ್ರಹ್ಮಾಂಡ. ಅದಕ್ಕೆ ‘7’ ಎಂಬ ನಂಬರು ಬಿದ್ದದ್ದು ಬಹಳ ತಡವಾಗಿ, ಸಂಹಾರದೇವ ಬೀರಸ್ ಮೊದಲ ಸಲ ಕಾಣಿಸಿಕೊಂಡ 2013ರ ಚಲನಚಿತ್ರದಲ್ಲಿ. ಒಟ್ಟು ಹನ್ನೆರಡು ವಿಶ್ವಗಳಿವೆ ಎಂಬ ಸುದ್ದಿ ಅಲ್ಲಿ ಕಥೆಯ ಕೊನೆಗೆ ಬರುತ್ತದೆ. 2015ರಲ್ಲಿ ಶುರುವಾದ ‘ಡ್ರ್ಯಾಗನ್ ಬಾಲ್ ಸೂಪರ್’ ಇಡೀ ಮನೆ ಕಟ್ಟಿದ್ದು ಈ ಒಂದು ಮಾತಿನ ಮೇಲೆ.

ಆ ಏಳನೆಯ ವಿಶ್ವದ ಒಳಗೇ ಒಂದು ಅಂತಸ್ತುಗಳ ವ್ಯವಸ್ಥೆ ಇದೆ. ನಿಮ್ಮ ಬರಹ ಅದನ್ನು ಪೂರ್ತಿ ಬಿಟ್ಟುಬಿಟ್ಟಿದೆ. 1995ರಲ್ಲಿ ಶೂಎಯ್ಶಾ ಪ್ರಕಾಶನ ಹೊರತಂದ ‘ದೈಜೆನ್‌ಶೂ’ ಕೈಪಿಡಿಯ ನಾಲ್ಕನೆಯ ಸಂಪುಟದಲ್ಲಿ ಇದರ ನಕ್ಷೆಯಿದೆ. ಒಂದು ದೊಡ್ಡ ಗೋಳ. ಕೆಳಗಿನ ಅರ್ಧ ಬದುಕಿರುವವರ ಲೋಕ, ಮೇಲಿನ ಅರ್ಧ ಸತ್ತವರ ಲೋಕ. ಬದುಕಿರುವವರ ಲೋಕ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ನಾಲ್ಕು ಭಾಗ, ಒಂದೊಂದಕ್ಕೂ ‘ಕಾಯೋ’ ಎಂಬ ಒಬ್ಬ ಕಾವಲುದೇವ, ನಾಲ್ವರ ಮೇಲೆ ಒಬ್ಬ ಮಹಾಕಾಯೋ. ಭೂಮಿ ಇರುವುದು ಉತ್ತರದಲ್ಲಿ. ಗೋಕುವಿಗೆ ಪಾಠ ಹೇಳಿದವನು ಉತ್ತರದ ಕಾಯೋ ಆಗಿರುವುದು ಅದಕ್ಕೇ. ಕಾಯೋಗಳಿಗಿಂತ ಮೇಲಿನವರಾದ ಕಾಯೋಶಿನ್‌ಗಳ ಲೋಕ ಈ ಗೋಳದ ಒಳಗಿಲ್ಲ, ಚಂದ್ರನಂತೆ ಹೊರಗೆ ನಿಂತಿದೆ. ರಾಕ್ಷಸಲೋಕ ತಳದಲ್ಲಿದೆ, 2024ರ ‘ದೈಮಾ’ ಸರಣಿ ಅದಕ್ಕೂ ಮೂರು ಅಂತಸ್ತು ಇವೆ ಎಂದು ತೋರಿಸಿತು.

ಸತ್ತವರ ಲೋಕದ ಹೊಸ್ತಿಲಲ್ಲಿ ಕೂತು ಪಾಪಪುಣ್ಯದ ಲೆಕ್ಕ ನೋಡುವ ಎನ್ಮಾ ಕನ್ನಡ ಓದುಗರಿಗೆ ಅಪರಿಚಿತನಲ್ಲ. ಅವನು ನಮ್ಮ ಯಮನೇ. ಬೌದ್ಧಧರ್ಮದ ಜತೆ ಚೀನಾಕ್ಕೆ ಹೋಗಿ ಅಲ್ಲಿಂದ ಜಪಾನಿಗೆ ದಾಟುವಾಗ ‘ಯಮರಾಜ’ ಎಂಬ ಹೆಸರು ‘ಎನ್ಮಾ’ ಎಂದು ತಿರುಗಿತು. ರಾಕ್ಷಸಲೋಕಕ್ಕೆ ಜಪಾನಿಯಲ್ಲಿ ಇರುವ ‘ಮಾಕಾಯ್’ ಎಂಬ ಪದದ ‘ಮಾ’ ಕೂಡ ಬುದ್ಧನನ್ನು ಕಾಡಿದ ಮಾರನ ಹೆಸರಿನಿಂದ ಬಂದದ್ದು. ಗೋಕು ಎಂಬ ಹೆಸರೇ, ಬೌದ್ಧಗ್ರಂಥ ತರಲು ಭಾರತಕ್ಕೆ ಹೊರಟ ಭಿಕ್ಷುವಿನ ಜತೆಗಾರನಾದ ಚೀನೀ ಕಪಿವೀರನ ಹೆಸರಿನ ಜಪಾನಿ ಉಚ್ಚಾರ. ಇಷ್ಟಿದ್ದರೂ ಪುರಾಣದ ಹದಿನಾಲ್ಕು ಲೋಕಗಳನ್ನು ತಂದು ಹನ್ನೆರಡು ವಿಶ್ವಗಳ ಪಕ್ಕ ಕೂರಿಸುವುದು ಸರಿಯಲ್ಲ. ಹೋಲಿಸಲೇಬೇಕೆಂದರೆ ಒಂದು ವಿಶ್ವದ ಒಳಗಿನ ಮೇಲುಕೀಳಿನ ಅಂತಸ್ತುಗಳಿಗೆ ಹೋಲಿಸಬಹುದು.

ಎನ್ಮಾನ ಕಚೇರಿಯಿಂದ ಕಾಯೋನ ಪುಟ್ಟ ಗ್ರಹಕ್ಕೆ ಹೋಗುವ ಹಾವಿನ ದಾರಿ ಸುಮಾರು 10 ಲಕ್ಷ ಕಿಲೋಮೀಟರ್. ಗೋಕು ಅದನ್ನು ದಾಟಲು ಹೆಚ್ಚುಕಡಿಮೆ ಆರು ತಿಂಗಳು ತೆಗೆದುಕೊಂಡ. ಭಾಗಿಸಿ ನೋಡಿದರೆ ದಿನಕ್ಕೆ 5,500 ಕಿಲೋಮೀಟರ್, ನಿದ್ದೆಯಿಲ್ಲದೆ ಓಡಿದರೂ ಗಂಟೆಗೆ 230. ಕೊನೆಗೆ ಸಿಗುವ ಗ್ರಹದ ಗುರುತ್ವ ಭೂಮಿಯ ಹತ್ತು ಪಟ್ಟು. ಈ ಸರಣಿಯಲ್ಲಿ ‘ಬೇರೆ ಲೋಕ’ ಎಂದಾಗಲೆಲ್ಲ ಬೇರೆ ವಿಶ್ವ ಎಂದುಕೊಳ್ಳಬಾರದು. ಗೋಕು ಸತ್ತು ಹೋಗಿ ತರಬೇತಿ ಪಡೆದು ಮರಳಿ ಬಂದಾಗ ಅವನು ಏಳನೆಯ ವಿಶ್ವದ ಗಡಿ ದಾಟಿರಲೇ ಇಲ್ಲ.

ಇನ್ನು ವಿಶ್ವಗಳ ನಡುವಿನ ಸಂಬಂಧ. ಹನ್ನೆರಡೂ ಆರು ಜೋಡಿಗಳಾಗಿವೆ. ಸೂತ್ರ ಸುಲಭ: ಜೋಡಿಯ ನಂಬರುಗಳನ್ನು ಕೂಡಿದರೆ 13 ಬರಬೇಕು. 1ಕ್ಕೆ 12, 2ಕ್ಕೆ 11, 3ಕ್ಕೆ 10, 4ಕ್ಕೆ 9, 5ಕ್ಕೆ 8, 6ಕ್ಕೆ 7. ಹೋಲಿಕೆ ಇರುವುದು ಈ ಜೋಡಿಗಳ ಒಳಗೆ ಮಾತ್ರ, ಅದೂ ನೆಲ ಮತ್ತು ಕುಲಗಳ ಮಟ್ಟದಲ್ಲಿ. ವ್ಯಕ್ತಿಗಳ ಮಟ್ಟದಲ್ಲಿ ಅಲ್ಲ. ಆರನೆಯ ವಿಶ್ವದಲ್ಲೂ ಗೋಕುವಿನ ಯೋಧಕುಲದವರಾದ ಸೈಯಾನರಿದ್ದಾರೆ. ಏಳರಲ್ಲಿ ಎಂದೋ ನಾಶವಾದ ಸದಾಲಾ ಗ್ರಹ ಅಲ್ಲಿ ಇನ್ನೂ ಉಳಿದಿದೆ, ಅಲ್ಲಿನವರಿಗೆ ಬಾಲವಿಲ್ಲ. ನೇಮೆಕ್ ಕುಲವಿದೆ. ಏಳನೆಯ ವಿಶ್ವದ ಖಳ ಫ್ರೀಜಾನ ಜಾತಿಯ ಫ್ರಾಸ್ಟ್ ಇದ್ದಾನೆ. ಭೂಮಿಯೂ ಇತ್ತು, ಆದರೆ ಅಲ್ಲಿನ ಮನುಷ್ಯರು ತಾವೇ ಯುದ್ಧ ಮಾಡಿಕೊಂಡು ಅಳಿದುಹೋಗಿದ್ದರು. ಇಷ್ಟೆಲ್ಲ ಇದ್ದೂ ಅಲ್ಲಿ ಇನ್ನೊಬ್ಬ ಗೋಕು ಇಲ್ಲ, ಅವನ ಸೈಯಾನ್ ಪ್ರತಿಸ್ಪರ್ಧಿ ವೆಜೀಟಾ ಇನ್ನೊಬ್ಬನಿಲ್ಲ. ಅಲ್ಲಿನ ಸೈಯಾನರಾದ ಕ್ಯಾಬಾ, ಕಾಲಿಫ್ಲಾ, ಕೇಲ್ ಇವರೆಲ್ಲ ತಮ್ಮದೇ ಹುಟ್ಟು, ತಮ್ಮದೇ ಗುಣ ಇರುವವರು. ಜೋಡಿ ಮೀರಿದರೆ ಈ ಹೋಲಿಕೆಯೂ ಇಲ್ಲ. ಹನ್ನೊಂದನೆಯ ವಿಶ್ವದ ಜಿರೆನ್ ಯಾರಿಗೂ ನಕಲಲ್ಲ.

ಜೋಡಿ ಎಂಬುದು ಬರೀ ಬಾಯಿಮಾತಲ್ಲ ಎನ್ನುವುದಕ್ಕೆ ಸೂಪರ್ ಡ್ರ್ಯಾಗನ್ ಬಾಲ್‌ಗಳೇ ಸಾಕ್ಷಿ. ಡ್ರ್ಯಾಗನ್ ಬಾಲ್ ಎಂದರೆ ಏಳನ್ನೂ ಕೂಡಿಸಿದರೆ ಡ್ರ್ಯಾಗನ್ ಎದ್ದು ವರ ಕೊಡುವ ಗೋಲಿಗಳು. ಭೂಮಿಯದು ಕೈಯಲ್ಲಿ ಹಿಡಿಯುವಂಥದ್ದು; ಇವು ಒಂದೊಂದೂ 37,196.2204 ಕಿಲೋಮೀಟರ್ ವ್ಯಾಸದ ಗ್ರಹಗಳು, ಅಂದರೆ ನಮ್ಮ ಭೂಮಿಯ ಸುಮಾರು ಮೂರು ಪಟ್ಟು ಅಗಲ. ಇಂಥ ಏಳೂ ಆರು ಮತ್ತು ಏಳನೆಯ ವಿಶ್ವಗಳಲ್ಲಿ ಮಾತ್ರ ಹಂಚಿಹೋಗಿವೆ. ಎರಡೂ ವಿಶ್ವಗಳನ್ನು ಸುತ್ತದೆ ಏಳನ್ನು ಕೂಡಿಸಲಾಗದು, ಕೂಡಿಸಿದರೂ ದೇವಭಾಷೆಯಲ್ಲಿ ಕರೆಯದೆ ಡ್ರ್ಯಾಗನ್ ಏಳುವುದಿಲ್ಲ. ಆರನೆಯ ವಿಶ್ವದ ಸಂಹಾರದೇವ ಚಂಪಾ ಆರನ್ನು ಕಲೆಹಾಕಿ ಏಳನೆಯದಕ್ಕೆ ಹುಡುಕಾಡುತ್ತಿದ್ದ. ಎರಡು ವಿಶ್ವಗಳ ಪಂದ್ಯ ನಡೆದ ಆ ಹೆಸರಿಲ್ಲದ ಗ್ರಹವೇ ಏಳನೆಯದು. ಅವನಿಗೆ ಬೇಕಾಗಿದ್ದದ್ದು ಏಳನೆಯ ವಿಶ್ವದ ಭೂಮಿ, ಅದೂ ಅಲ್ಲಿನ ಊಟಕ್ಕಾಗಿ! ಪಂದ್ಯ ಮುಗಿದ ಮೇಲೆ ಬೀರಸ್ ಸದ್ದಿಲ್ಲದೆ ಕೇಳಿಕೊಂಡ ವರ ಆರನೆಯ ವಿಶ್ವದ ಭೂಮಿ ಮತ್ತೆ ಚಿಗುರಲಿ ಎಂಬುದು.

ಆಡಳಿತದ ಮಾತಿಗೆ ಬಂದರೆ, ಪ್ರತಿ ವಿಶ್ವಕ್ಕೂ ಸೃಷ್ಟಿಯ ಕಡೆ ಕಾಯೋಶಿನ್, ನಾಶದ ಕಡೆ ಸಂಹಾರದೇವ, ಆ ಸಂಹಾರದೇವನ ಬೆನ್ನಿಗೆ ಗುರುವಾಗಿ, ಪರಿಚಾರಕನಾಗಿ ಒಬ್ಬ ದೇವದೂತ. ಏಳನೆಯದರ ವಿಸ್, ಆರನೆಯದರ ವಾಡೋಸ್ ಒಡಹುಟ್ಟಿದವರು. ಎಲ್ಲ ದೇವದೂತರಿಗೂ ತಂದೆ ಮಹಾಪುರೋಹಿತ. ಹೆಸರುಗಳ ಹಿಂದಿನ ಕಥೆ ಸ್ವಾರಸ್ಯದ್ದು. ಬೀರಸ್ ಎಂಬ ಹೆಸರನ್ನು ಚಿತ್ರಕಥೆ ಬರೆದವರು ‘ವೈರಸ್’ನಿಂದ ಮಾಡಿಕೊಂಡಿದ್ದರು. ತೋರಿಯಾಮಾ ಅದನ್ನು ‘ಬಿಯರ್’ ಎಂದುಕೊಂಡು ಪಕ್ಕದವನಿಗೆ ವಿಸ್ಕಿಯಿಂದ ವಿಸ್ ಎಂದು ಹೆಸರಿಟ್ಟರು. ಅಲ್ಲಿಂದ ಮುಂದೆ ದೇವಲೋಕವೆಲ್ಲ ಮದ್ಯದಂಗಡಿಯ ಕಪಾಟು: ಮೋಜಿತೊ, ಕಾಂಪಾರಿ, ಮಾರ್ಕರಿತಾ.

ಇಲ್ಲಿ ಎಲ್ಲರೂ ಎಡವುವ ಒಂದು ನಿಯಮ ಇದೆ. ಕಾಯೋಶಿನ್ ಮತ್ತು ಸಂಹಾರದೇವ, ಇಬ್ಬರ ಪ್ರಾಣಕ್ಕೂ ಗಂಟು ಬಿದ್ದಿದೆ. ಕಾಯೋಶಿನ್ ಸತ್ತರೆ ಸಂಹಾರದೇವನೂ ಆ ಕ್ಷಣವೇ ಸಾಯುತ್ತಾನೆ. ಏಳನೆಯ ವಿಶ್ವದಲ್ಲಿ ಮೊದಲು ಐವರು ಕಾಯೋಶಿನ್‌ಗಳಿದ್ದರು. 50 ಲಕ್ಷ ವರ್ಷಗಳ ಹಿಂದೆ ಮಾಜಿನ್ ಬೂ ಎಂಬ ರಾಕ್ಷಸ ನಾಲ್ವರನ್ನು ಮುಗಿಸಿದ. ಪೂರ್ವದ ಶಿನ್ ಒಬ್ಬ ಉಳಿದದ್ದರಿಂದ ಬೀರಸ್‌ನ ಪ್ರಾಣವೂ ಉಳಿಯಿತು. ಟ್ರಂಕ್ಸ್‌ನ ಭವಿಷ್ಯದಲ್ಲಿ ಅದೇ ಶಿನ್ ಮಾಂತ್ರಿಕ ಬಾಬಿಡಿ ಮತ್ತು ರಾಕ್ಷಸರಾಜ ದಾಬುರಾ ಜತೆಗಿನ ಕಾಳಗದಲ್ಲಿ ಸತ್ತ, ಹಾಗಾಗಿ ಅಲ್ಲಿ ಬೀರಸ್ ಇರಲೇ ಇಲ್ಲ. ಭವಿಷ್ಯದಲ್ಲಿ ಜಮಾಸುವಿನ (ಇವನ ಕಥೆ ಮುಂದೆ ಬರುತ್ತದೆ) ಹಾವಳಿ ಎದ್ದಾಗ ಬೀರಸ್ ಯಾಕೆ ಬರಲಿಲ್ಲ ಎಂದು ಕೇಳುವವರಿಗೆ ಇಷ್ಟೇ ಉತ್ತರ.

ಎಲ್ಲರ ಮೇಲೆ ಜೆನೋ. ಅವನು ಬಲಶಾಲಿ ಎನ್ನುವುದಕ್ಕಿಂತ ಅಳಿಸುವ ಅಧಿಕಾರ ಇರುವವನು ಎಂದರೆ ಸರಿ. ಹಿಂದೆ 18 ವಿಶ್ವಗಳಿದ್ದವು. ಒಮ್ಮೆ ಮನಸ್ಸು ಕೆಟ್ಟಾಗ ಆರನ್ನು ಅಳಿಸಿಹಾಕಿದ. 18 ಇದ್ದಾಗ ಜೋಡಿಯ ಮೊತ್ತ 13 ಹೇಗಾಗುತ್ತಿತ್ತು ಎಂದು ಯಾರಾದರೂ ಕೇಳಿದರೆ ಕಥೆ ಕೆಮ್ಮಿ ಸುಮ್ಮನಾಗುತ್ತದೆ. ಲೆಕ್ಕ ಕೂಡದ ಜಾಗ ಇದೊಂದು, ಒಪ್ಪಿಕೊಳ್ಳೋಣ. ಮುಂದೆ ಉಳಿದವುಗಳನ್ನೂ ಕಡಿಮೆ ಮಾಡಲು ‘ಮರ್ತ್ಯರ ಮಟ್ಟ’ ಎಂಬ ಅಂಕ ಹಚ್ಚಿ, ಸರಾಸರಿ 7 ಮೀರಿದ 1, 5, 8, 12ನೆಯ ವಿಶ್ವಗಳಿಗೆ ವಿನಾಯಿತಿ ಕೊಟ್ಟರು. ಈ ನಾಲ್ಕೂ ಎರಡು ಪೂರ್ಣ ಜೋಡಿಗಳು ಎಂಬುದನ್ನು ಗಮನಿಸಿ: 1ಕ್ಕೆ 12, 5ಕ್ಕೆ 8. ಬಾಕಿ ಎಂಟು ವಿಶ್ವಗಳಿಂದ ಹತ್ತು ಹತ್ತು ಜನ, ಒಟ್ಟು 80 ಮಂದಿ ಕಾದಾಡಬೇಕು. ಸೋತವರ ವಿಶ್ವ ಅಳಿಯುತ್ತದೆ. ಅತಿ ಕೆಳಗಿದ್ದದ್ದು 1.86 ಅಂಕದ ಒಂಬತ್ತನೆಯದು, ಅದರ ಮೇಲೆ 3.18ರ ಏಳನೆಯದು. ನಾಯಕನ ವಿಶ್ವ ಕೊನೆಯಿಂದ ಎರಡನೆಯದು!

ಪಂದ್ಯದ ಅವಧಿ 100 ‘ಟಾಕ್’, ಅಂದರೆ ಸುಮಾರು 48 ನಿಮಿಷ. ಆ 48 ನಿಮಿಷ 97ನೆಯ ಕಂತಿನಿಂದ 131ನೆಯ ಕಂತಿನವರೆಗೆ ನಡೆಯಿತು, ಒಟ್ಟು 35 ಕಂತು. ನಮ್ಮ ಧಾರಾವಾಹಿಗಳಲ್ಲಿ ಒಂದು ತಾಳಿ ಕಟ್ಟುವುದಕ್ಕೆ ಎರಡು ವಾರ ಹಿಡಿಯುತ್ತದೆ ಎಂದು ನಗುವವರು ಇದನ್ನು ನೋಡಬೇಕು. ಏಳು ವಿಶ್ವಗಳು ಅಳಿದುಹೋಗಿ, ಕೊನೆಗೆ ಉಳಿದ, ಏಳನೆಯ ವಿಶ್ವದ 17ನೆಯ ಆಂಡ್ರಾಯ್ಡ್ (ಕೃತಕ ಮಾನವ) ಅವೆಲ್ಲ ಮತ್ತೆ ಬರಲಿ ಎಂದು ವರ ಕೇಳಿದ. ಆದ್ದರಿಂದ ಇಂದಿಗೂ ವಿಶ್ವಗಳ ಸಂಖ್ಯೆ 12. ನಿಮ್ಮ ಬರಹ ಕೊಟ್ಟ 5 ಎಂಬ ಸಂಖ್ಯೆ ಆ ವರಕ್ಕೆ ಮೊದಲಿನದು.

ಈಗ ಕಾಲದ ಲೆಕ್ಕ. ಇದನ್ನು ಹೀಗೆ ಯೋಚಿಸಿ. ಹನ್ನೆರಡು ಸಂಪುಟಗಳ ಒಂದು ಗ್ರಂಥಮಾಲೆ ಇದೆ. ಒಂದೊಂದು ಸಂಪುಟ ಒಂದೊಂದು ವಿಶ್ವ. ಒಳಗಿನ ಕಥೆ, ಪಾತ್ರ ಎಲ್ಲ ಬೇರೆ. ಕಾಲರೇಖೆ ಎಂದರೆ ಹದಿಮೂರನೆಯ ಸಂಪುಟ ಅಲ್ಲ, ಹನ್ನೆರಡೂ ಸಂಪುಟಗಳ ಇನ್ನೊಂದು ಪ್ರತಿ. ಒಂದು ಪುಟದವರೆಗೆ ಎರಡು ಪ್ರತಿಗಳೂ ಒಂದೇ. ಅಲ್ಲಿಂದಾಚೆಗೆ ಬರವಣಿಗೆ ಬೇರೆಯಾಗುತ್ತದೆ. ಎರಡನೆಯ ಗೋಕು, ಟ್ರಂಕ್ಸ್‌ನ ತಾಯಿ ಬುಲ್ಮಾಳ ಎರಡನೆಯ ಪ್ರತಿ ಸಿಗುವುದು ಈ ಎರಡನೆಯ ಪ್ರತಿಯಲ್ಲಿ.

ಸರಣಿಯ ಪಂಚಾಂಗದ 784ನೆಯ ವರ್ಷದಿಂದ ಟ್ರಂಕ್ಸ್ 764ಕ್ಕೆ ಬಂದು ಗೋಕುವಿಗೆ ಹೃದಯರೋಗದ ಔಷಧ ಕೊಟ್ಟ. ಇಲ್ಲಿ ಗೋಕು ಬದುಕಿದ. ಆದರೆ ಟ್ರಂಕ್ಸ್ ವಾಪಸ್ ಹೋದಾಗ ಅವನ ಊರಿನಲ್ಲಿ ಗೋಕು ಸತ್ತೇ ಇದ್ದ, ಊರು ಹಾಳುಮಾಡಿದ ಆಂಡ್ರಾಯ್ಡ್‌ಗಳು ಹಾಗೇ ಇದ್ದವು. ಹಿಂದಕ್ಕೆ ಹೋಗಿ ತಿದ್ದಿದರೆ ತನ್ನ ಕಾಲ ಬದಲಾಗುವುದಿಲ್ಲ, ಹೊಸದೊಂದು ಕವಲು ಒಡೆಯುತ್ತದೆ. ಇದೇ ಇಲ್ಲಿನ ಮೂಲ ನಿಯಮ. ಪುರಾವೆ ಬೇಕಿದ್ದರೆ ಸೆಲ್ ಎಂಬ ಕೃತಕ ಜೀವಿಯ ಪ್ರಕರಣ ಓದಿ. ಟ್ರಂಕ್ಸ್‌ನ ಟೈಮ್ ಮಷಿನ್ ಅವನ ಕಿಸೆಯ ಕ್ಯಾಪ್ಸೂಲಿನಲ್ಲಿ ಭದ್ರವಾಗಿದೆ. ಅಷ್ಟರಲ್ಲಿ ಅದೇ ಮಷಿನ್, ಪಾಚಿ ಹತ್ತಿ, ಗಾಜು ಕರಗಿ ತೂತಾಗಿ, ಒಳಗೆ ಮೊಟ್ಟೆಯ ಚಿಪ್ಪಿನೊಂದಿಗೆ ಕಾಡಿನಲ್ಲಿ ಸಿಗುತ್ತದೆ. ಒಂದೇ ವಸ್ತು ಎರಡು ಕಡೆ ಇದ್ದರೆ ಅದು ಇನ್ನೊಂದು ಪ್ರತಿಯಿಂದ ಬಂದಿದೆ ಎಂದರ್ಥ. ಸೆಲ್ ತನ್ನ ಕಾಲದ ಟ್ರಂಕ್ಸ್‌ನನ್ನು ಕೊಂದು, ಮಷಿನ್ ಕದ್ದು, ಒಳಗೆ ಹಿಡಿಸಲೆಂದು ಮೊಟ್ಟೆಯ ಸ್ಥಿತಿಗೆ ಮರಳಿ 788ರಿಂದ 763ಕ್ಕೆ ಬಂದಿದ್ದ. ಟ್ರಂಕ್ಸ್‌ನ ಮೂಲ ಕಾಲ, ನಾವು ನೋಡುವ ಕಾಲ, ಸೆಲ್ ಹೊರಟ ಕಾಲ, ಸೆಲ್ ಕೊಂದ ಟ್ರಂಕ್ಸ್ ಹೋಗಿಬಂದಿದ್ದ ಹಳೆಯ ಕಾಲ: ಹೀಗೆ ಮೂಲ ಮಾಂಗಾ ಮುಗಿಯುವ ಹೊತ್ತಿಗೇ ನಾಲ್ಕು ಪ್ರತಿಗಳು. ವಿಶ್ವ ಮಾತ್ರ ಎಲ್ಲದರಲ್ಲೂ ಏಳನೆಯದೇ.

ಎರಡು ಲೆಕ್ಕಗಳೂ ಒಟ್ಟಿಗೆ ಅಡ್ಡಹಾಯುವುದು ಗೋಕುವಿನ ರೂಪದ ಖಳ ‘ಗೋಕು ಬ್ಲ್ಯಾಕ್’ನ ಪ್ರಕರಣದಲ್ಲಿ. ಗೊಂದಲ ಹುಟ್ಟಿದ್ದೂ ಅಲ್ಲೇ ಇರಬೇಕು. ಜಮಾಸು ಹತ್ತನೆಯ ವಿಶ್ವದ ಶಿಷ್ಯ ಕಾಯೋಶಿನ್. ಸೂಪರ್ ಡ್ರ್ಯಾಗನ್ ಬಾಲ್‌ಗಳ ವರದಿಂದ ಏಳನೆಯ ವಿಶ್ವದ ಗೋಕುವಿನ ದೇಹಕ್ಕೆ ಹೊಕ್ಕ; ಇದು ಜಾಗದ ದಾಟು. ಆಮೇಲೆ ಕಾಲದ ಉಂಗುರ ತೊಟ್ಟು ಟ್ರಂಕ್ಸ್‌ನ ಭವಿಷ್ಯಕ್ಕೆ ಹೋದ. ಇದು ಕಾಲದ ದಾಟು. ಅಂದರೆ ಬ್ಲ್ಯಾಕ್ ‘ಬೇರೆ ವಿಶ್ವದ ಕೆಟ್ಟ ಗೋಕು’ ಅಲ್ಲವೇ ಅಲ್ಲ. ದೇಹ ಏಳರದು, ಜೀವ ಹತ್ತರದು, ಎರಡೂ ಬೇರೊಂದು ಕಾಲರೇಖೆಯವು. ವರ್ತಮಾನದ ಜಮಾಸುವನ್ನು ಬೀರಸ್ ನಾಶಮಾಡಿದಾಗ, ದೇವರ ಕೈಯಿಂದ ಆದ ಕೆಲಸ ಭವಿಷ್ಯಕ್ಕೂ ಮುಟ್ಟುತ್ತದೆ ಎಂದುಕೊಂಡಿದ್ದ. ಮುಟ್ಟಲಿಲ್ಲ. ಬ್ಲ್ಯಾಕ್ ಬಂದದ್ದು ಬೇರೆ ಪ್ರತಿಯಿಂದ, ಸಾಲದ್ದಕ್ಕೆ ಬೆರಳಲ್ಲಿ ಉಂಗುರ. ಮುಂದೆ ಭವಿಷ್ಯದ ಜೆನೋ ಜಮಾಸುವಿನ ಜತೆ ಅಲ್ಲಿದ್ದದ್ದನ್ನೆಲ್ಲ ಅಳಿಸಿಹಾಕಿದ. ಹನ್ನೆರಡೂ ಸಂಪುಟಗಳಿರುವ ಆ ಪ್ರತಿಯೇ ಹೋಯಿತು, ನಮ್ಮ ಪ್ರತಿಗೆ ಗೀರೂ ಬೀಳಲಿಲ್ಲ. ಗೋಕು ಆ ಜೆನೋನನ್ನು ಕರೆತಂದದ್ದರಿಂದ ಈಗ ಇಲ್ಲಿ ಇಬ್ಬರು ಜೆನೋಗಳು. ಪ್ರತಿಗೊಬ್ಬ ಜೆನೋ ಇದ್ದಾನೆ, ವಿಶ್ವಕ್ಕೊಬ್ಬ ಅಲ್ಲ. ಎರಡು ಲೆಕ್ಕಗಳ ವ್ಯತ್ಯಾಸಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ವಿಸ್ ಮೂರು ನಿಮಿಷದವರೆಗೆ ಕಾಲವನ್ನು ಹಿಂದಕ್ಕೆ ತಿರುಗಿಸುವುದು ಈ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಅಲ್ಲಿ ಹೊಸ ಪ್ರತಿ ಹುಟ್ಟಿದ್ದನ್ನು ಕಥೆ ಎಲ್ಲೂ ತೋರಿಸಿಲ್ಲ. ಬರೆದದ್ದನ್ನು ಒರೆಸಿ ಮತ್ತೆ ಬರೆದಂತೆ.

ಲೇಖಕರನ್ನು ಪೂರ್ತಿ ದೂರಲೂ ಆಗದು. ಫ್ರೆಂಚ್ ಅಭಿಮಾನಿಗಳು 2008ರಲ್ಲೇ ಅಂತರ್ಜಾಲದಲ್ಲಿ ಶುರುಮಾಡಿದ ಕಾಮಿಕ್ ಒಂದರಲ್ಲಿ ‘ವಿಶ್ವ’ ಎಂದರೆ ಕಾಲದ ಕವಲೇ. ಆ ಘಟನೆ ಹೀಗಾಗಿದ್ದರೆ ಎಂಬ ಒಂದೊಂದು ಪ್ರಶ್ನೆಗೂ ಒಂದೊಂದು ನಂಬರು, ಹಾಗೆ ಇಪ್ಪತ್ತು. ಅಧಿಕೃತ ಹನ್ನೆರಡಕ್ಕಿಂತ ಐದು ವರ್ಷ ಮೊದಲೇ ಬಂದದ್ದರಿಂದ ಆ ಅರ್ಥ ತಲೆಯಲ್ಲಿ ಕೂತುಬಿಟ್ಟಿದೆ. 2010ರ ‘ಹೀರೋಸ್’ ಕಾರ್ಡ್ ಆಟ, ಅದರ ಪ್ರಚಾರಕ್ಕೆ 2018ರಿಂದ ಬಂದ ಕಿರು ಅನಿಮೆ ಕಂಡಕಂಡ ಪಾತ್ರಗಳನ್ನೆಲ್ಲ ಒಂದೇ ಅಖಾಡಕ್ಕೆ ಇಳಿಸಿದವು. ಆಟಕ್ಕೆ ಅದು ಸರಿ, ನಕ್ಷೆಗೆ ಸರಿಯಲ್ಲ. 1996ರ ‘ಜೀಟಿ’ ಸರಣಿಯಾಗಲಿ, ಬ್ರೋಲಿ ಎಂಬ ಸೈಯಾನನ 1993ರ ಹಳೆಯ ಚಿತ್ರವಾಗಲಿ ಯಾವ ನಂಬರಿನ ವಿಶ್ವದ್ದೂ ಅಲ್ಲ. ಅವು ಬರೆದಾಗ ನಂಬರುಗಳೇ ಇರಲಿಲ್ಲ. 2018ರ ಚಿತ್ರದ ಬ್ರೋಲಿಯನ್ನು ಮಾತ್ರ ಏಳನೆಯ ವಿಶ್ವಕ್ಕೆ ಸೇರಿಸಬೇಕು.

ಪರಿಶೀಲಿಸಬಯಸುವ ಓದುಗರು 131 ಕಂತುಗಳನ್ನೂ ನೋಡಬೇಕಿಲ್ಲ. ಜೋಡಿ ವಿಶ್ವಗಳಿಗೆ ‘ಸೂಪರ್’ನ 28ರಿಂದ 46, ಕಾಲರೇಖೆಗೆ 47ರಿಂದ 67, ಜೆನೋ ಮತ್ತು ಹನ್ನೆರಡು ವಿಶ್ವಗಳಿಗೆ 77ರಿಂದ ಕೊನೆಯವರೆಗೆ ಸಾಕು. ತೊಯೊತಾರೋ ಅವರು ಬರೆದ ‘ಸೂಪರ್’ ಮಾಂಗಾದಲ್ಲಿ ಕಾಳಗದ ವಿವರಗಳು ಬೇರೆಯಾದರೂ ಹಂದರ ಇದೇ. ಮೇಲಿನ ಅಂಕಗಳು, ಪಂದ್ಯದ ಅವಧಿ ಅನಿಮೆಯವು.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುವುದಾದರೆ ಕನಿಷ್ಠ ಇವಿಷ್ಟು ಆಗಲಿ. ಕೋಷ್ಟಕದಲ್ಲಿ ಏಳನೆಯ ವಿಶ್ವದ ಜೋಡಿ 8 ಎಂದು ಅಚ್ಚಾಗಿದೆ, 6 ಆಗಬೇಕು. ಸೆಲ್ ಬಂದದ್ದು ಆರನೆಯ ವಿಶ್ವದಿಂದ ಅಲ್ಲ, ಏಳನೆಯದರ ಬೇರೊಂದು ಕಾಲರೇಖೆಯಿಂದ. ಚಿತ್ರದ ಕೆಳಗೆ ಚಂಪಾನನ್ನು ಬೀರಸ್‌ನ ಇನ್ನೊಂದು ರೂಪ ಎಂದು ಬರೆದಿದ್ದೀರಿ. ಅವರಿಬ್ಬರೂ ಅವಳಿ ಸೋದರರು, ಒಟ್ಟಿಗೆ ಕೂತು ಊಟ ಮಾಡಿ ಊಟದ ವಿಷಯಕ್ಕೇ ಜಗಳವಾಡುವವರು.

ಇತಿ,
ನಿಮ್ಮ ಪುರವಣಿಯ ಓದುಗರು
ಮೈಸೂರು